ಮುಚ್ಚದ ಮರುವಾಯಿ

ಆಗೆಲ್ಲ ವಿಟ್ಲದ ನಮ್ಮ ಮನೆಗೆ ಬೇಸಗೆ ರಜೆ ಬರುತ್ತಿದ್ದುದೇ ಒದ್ದೆ ಗೋಣಿಚೀಲದ ಜೊತೆಗೆ. ತಂದೆಯ ತಂಗಿ ಬೀಪಾತು ಮಾಮಿಯನ್ನು ನೇತ್ರಾವತಿ ಕಡಲು ಸೇರುವ ಅಳಿವೆಯ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ನೀರಿಳಿದ ಹೊತ್ತಿನಲ್ಲಿ ಮರಳಿಗೆ ಪಾದ ಹೂತು, ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಮಾರುವುದೇ ಅವರ ಬದುಕು. ವರ್ಷಕ್ಕೊಮ್ಮೆ ಒಂದು ಚೀಲ ತವರಿಗೆ. ಬರಿಗೈಯಲ್ಲಿ ತವರಿನ ಮೆಟ್ಟಿಲು ಹತ್ತಬಾರದೆಂಬುದು ಅವರ ಹಟ.

ಮಾಮಿ ಬಂದರೆ ಮನೆಯೆಲ್ಲ ಕಡಲಿನ ವಾಸನೆ. ಬಾಯಿ ಬಿಟ್ಟ ಮರುವಾಯಿಯನ್ನು ಉಗುರಿನಿಂದ ತಟ್ಟಿ ನೋಡುವುದು ನನ್ನ ಕೆಲಸ. ಮೆಲ್ಲಗೆ ಮುಚ್ಚಿಕೊಂಡರೆ ಜೀವವಿದೆ. ಇಲ್ಲದಿದ್ದರೆ ತೆಂಗಿನ ಬುಡಕ್ಕೆ.

"ನಿನ್ನ ಬಾಯಿಯೂ ತಟ್ಟಿದ ಕೂಡಲೇ ಮುಚ್ಚುವುದಾದರೆ ಎಷ್ಟು ಒಳ್ಳೆಯದಿತ್ತು" ಎಂದು ಮಾಮಿ ಕೆಣಕುತ್ತಿದ್ದರು. ಸಂಜೆಗೆ ಹುರಿದ ತೆಂಗಿನಕಾಯಿಯ ಮಸಾಲೆಯಲ್ಲಿ ಮರುವಾಯಿ, ಜೊತೆಗೆ ಹಬೆಯಲ್ಲಿ ಬೆಂದ ಅಕ್ಕಿಯುಂಡೆ ಪುಂಡಿ. ಬೆರಳು ಚೀಪಿ ಮುಗಿಯುತ್ತಿರಲಿಲ್ಲ.

ನಾನು ಏಳನೆಯ ಕ್ಲಾಸಿನಲ್ಲಿದ್ದ ವರ್ಷ ಸೆಕೆ ವಿಪರೀತ. ಚೀಲ ಬಿಚ್ಚಿದರೆ ಗಬ್ಬು ನಾತ. ತಟ್ಟಿದೆ, ತಟ್ಟಿದೆ, ಒಂದೂ ಮುಚ್ಚಲಿಲ್ಲ.

"ಬಸ್ಸಿನ ಎಂಜಿನ್ ಹತ್ತಿರ ಇಟ್ಟದ್ದಲ್ವಾ ಬೀಪಾತು? ಎಲ್ಲ ಬೆಂದು ಹೋಗಿ ಉಂಟು" ಎಂದು ನನ್ನ ಹೆತ್ತ ಉಮ್ಮ ರೇಗಿದಳು. ಮಾಮಿ ಚೀಲ ತೊಳೆದು ಒಣಹಾಕಿದರು.

ಮರುವರ್ಷ ಕಿಟಕಿಯ ಪಕ್ಕ ಕೂತು ಮಡಿಲಲ್ಲಿಟ್ಟುಕೊಂಡು ತಂದರು. ಚೀಲದ ತಳದಲ್ಲಿ ಒಂದಿಷ್ಟೇ ಇದ್ದವು. ಅವೂ ಸತ್ತಿದ್ದವು.

"ಬಸ್ಸಿಂದ ಅಲ್ಲ ಅತ್ತಿಗೆ" ಎಂದರು ಮಾಮಿ. "ಹೆಚ್ಚಿನವು ಅಳಿವೆಯಲ್ಲಿಯೇ ಬಾಯಿ ಬಿಟ್ಟು ಬಿದ್ದಿರ್ತವೆ. ನೀರಿಗೆ ಕಾಲಿಟ್ರೆ ಬಿಸಿ. ಇವುಗಳಿಗೆ ಬೆಳಿಗ್ಗೆ ಚೂರು ಜೀವ ಇತ್ತು, ನಾನೇ ತಟ್ಟಿ ನೋಡಿದ್ದೇನೆ."

ಆಮೇಲೆ ಅವರು ಬೀಡಿ ಕಟ್ಟಲು ಕೂತರು. ವಿಟ್ಲಕ್ಕೆ ಬರಲೇ ಇಲ್ಲ. ಉಮ್ಮ ಎಷ್ಟು ಕರೆದರೂ, "ಏನು ಹಿಡ್ಕೊಂಡು ಬರ್ಲಿ?" ಎಂಬ ಒಂದೇ ಉತ್ತರ.

ಕಡಲ ನೀರೂ ಕಾದು ಬಿಸಿಯಾಗುತ್ತದೆಂದು ಆಗ ನಮಗೆ ಗೊತ್ತಿರಲಿಲ್ಲ. ಬಸ್ಸನ್ನು ಬೈದೆವು, ಮಾಮಿಯನ್ನು ಬೈದೆವು. ಈಗ ಎಲ್ಲರಿಗೂ ಗೊತ್ತು. ಗೊತ್ತಾಗಿ ಏನು ಬಂತು?

ಮಾಮಿ ತೀರಿಕೊಂಡಾಗ ಅಳಿವೆಗೆ ಹೋಗಿದ್ದೆ. ನೀರಿಳಿದಿತ್ತು. ಮರಳಲ್ಲಿ ಪಾದ ಹೂತು ಹುಡುಕುವವರು ಯಾರೂ ಇರಲಿಲ್ಲ, ಹೆಕ್ಕಿ ತಿನ್ನುವ ಹಕ್ಕಿಗಳೂ ಇರಲಿಲ್ಲ. ಎಲ್ಲೆಲ್ಲೂ ಬಾಯಿ ಬಿಟ್ಟ ಚಿಪ್ಪುಗಳು. ಒಂದನ್ನು ಎತ್ತಿಕೊಂಡು, ಖಾಲಿಯೆಂದು ಗೊತ್ತಿದ್ದೂ, ಉಗುರಿನಿಂದ ತಟ್ಟಿ ಕಾದೆ.