ಬೇಡ ಅಂದ ಹುಡುಗಿ

ಕಾರು ಓಡಿಸುವುದನ್ನು ಕಲಿಸುತ್ತಿದ್ದ ಅವಳನ್ನು ಬಡಾವಣೆಯವರೆಲ್ಲ ಟೀಚರ್ ಎಂದೇ ಕರೆಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಬುಡದಲ್ಲೂ ಒಂದು ಬ್ರೇಕ್ ಇಟ್ಟುಕೊಂಡು, ಕೈಕಾಲು ನಡುಗುವವರನ್ನು ಪೇಟೆಯ ನಟ್ಟನಡುವೆ ಕರೆದುಕೊಂಡು ಹೋಗುವುದು ಅವಳ ಹೊಟ್ಟೆಪಾಡು. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದು ಹೆದರಿಸಿದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀನೇನು ಹೊಟ್ಟೆಯಿಂದಲೇ ಕಲಿತು ಬಂದ್ಯಾ? ಸುಮ್ನಿರು" ಎನ್ನುವಳು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ನಂಬರಿಗೆ ಹೊಂದಿಸುವವನು. ಇಡೀ ದಿನ ಮಷೀನಿನ ಮುಂದೆ ಬಾಯಿ ಮುಚ್ಚಿ ಕೂತು ಅವನಿಗೆ ಮನೆಯಲ್ಲೂ ಅದೇ ರೂಢಿಯಾಗಿತ್ತು. ಮನೆಯಲ್ಲಿದ್ದ ಮೂರನೆಯವರು ಮಾವ, ಬಸ್ ಕಂಡಕ್ಟರಾಗಿ ರಿಟೈರಾದವರು. ಮಗನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು.

ಗಂಡ ಹೆಂಡಿರಿಗೆ ಮಕ್ಕಳಾಗಲಿಲ್ಲ. ಆಸ್ಪತ್ರೆಗಳಿಗೆ ಅಲೆದು ಅಲೆದು, ಒಂದು ದಿನ ಅವಳು ಸೂಜಿ ಹಿಡಿದು ಬಂದ ನರ್ಸಿಗೆ, "ಇದನ್ನ ಇನ್ಯಾರಿಗಾದ್ರೂ ಚುಚ್ಚಿ" ಎಂದು ಹೇಳಿ ಎದ್ದು ಬಂದಳು. ದತ್ತು ತೆಗೆದುಕೊಳ್ಳೋಣವೆಂದರೆ, ವಯಸ್ಸು ಮೀರಿದೆ, ಕೂಸು ಸಿಗುವುದಿಲ್ಲ ಎಂದರು ಕಚೇರಿಯವರು. ಕೊನೆಗೆ ಒಂದು ಸಂಸ್ಥೆಯ ಹೆಂಗಸು, ಹೊರದೇಶವೊಂದರಲ್ಲಿ ದೊಡ್ಡ ಮಕ್ಕಳಿದ್ದಾರೆ, ಅವರನ್ನು ಯಾರೂ ಕೇಳುವುದಿಲ್ಲ ಎಂದು ಫೋಟೋ ತೋರಿಸಿದಳು. ಒಂಬತ್ತು ವರ್ಷದ ಹುಡುಗಿ. ಎದೆಯ ಮೇಲೆ ಕೈಕಟ್ಟಿ, ಫೋಟೋ ತೆಗೆದವನಿಗೆ ಇನ್ನೇನು ಬೈಯುತ್ತಾಳೆ ಅನ್ನುವ ಹಾಗೆ ನಿಂತಿದ್ದಳು. ಟೀಚರಿಗೆ ನಗು ಬಂತು. ಫೋಟೋವನ್ನು ಗಂಡನ ಕಡೆ ಸರಿಸಿದಳು. ಅವನು ಬಹಳ ಹೊತ್ತು ನೋಡಿ, "ಕಣ್ಣು ಚುರುಕಾಗಿದೆ" ಎಂದ. ಅವನ ಮಟ್ಟಿಗೆ ಅದು ಭಾಷಣ.

ಸುದ್ದಿ ಕೇಳಿ ವಾರಗಿತ್ತಿ ಓಡೋಡಿ ಬಂದಳು. "ಒಂಬತ್ತು ವರ್ಷದವಳಾ? ಅಷ್ಟೊತ್ತಿಗೆ ಬುದ್ಧಿಯೆಲ್ಲ ಬಲಿತಿರುತ್ತೆ ಕಣೇ. ನಿಂಗೆ ಒಗ್ಗುತ್ತಾಳಾ?"

"ನಿಮ್ಮ ಮೈದುನ ನನ್ನ ಕೈಗೆ ಸಿಕ್ಕಾಗ ಅವರಿಗೆ ಮೂವತ್ತು ಅಕ್ಕಾ. ಒಗ್ಗಲಿಲ್ವಾ?"

ವಾರಗಿತ್ತಿ ಸೋತೆನೆಂದು ಒಪ್ಪಿಕೊಳ್ಳುವವಳಲ್ಲ. "ಹೋಗಲಿ, ಹೆಸರಾದ್ರೂ ನಮ್ಮ ಕಡೇದು ಇಡು. ಆ ಹೆಸರು ಕರೆಯೋಕೆ ಹೋದರೆ ನಾಲಿಗೆ ಗಂಟಾಗುತ್ತೆ" ಎಂದು ಪಟ್ಟು ಹಿಡಿದಳು. ಎಲ್ಲದಕ್ಕೂ ಜಗಳವಾಡಿ ಸುಸ್ತಾಗಿದ್ದ ಟೀಚರ್ ಇದೊಂದಕ್ಕೆ ಹೂಂ ಅಂದುಬಿಟ್ಟಳು. ಹೊಸ ಹೆಸರು ಕಾಗದಪತ್ರದಲ್ಲಿ ಸೇರಿ ಅವರಿಗಿಂತ ಮೊದಲೇ ಆ ದೇಶಕ್ಕೆ ಹೋಯಿತು.

ಹೊರಡುವಾಗ ಮಾವ ತಮ್ಮ ಪೆಟ್ಟಿಗೆಯನ್ನೂ ತಂದು ಬಾಗಿಲಿಗಿಟ್ಟರು. "ಮೊಮ್ಮಗಳನ್ನ ಪಾರ್ಸಲ್ ಥರ ಮನೇಲಿ ಕೂತು ಇಸ್ಕೊಳ್ಳೋಕೆ ನಂಗಾಗಲ್ಲ" ಎಂದರು. ಬೇಡ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ.

ಅಲ್ಲಿ ಚಳಿ. ಅವರು ಹಿಡಿದ ಬಾಡಿಗೆ ಕೋಣೆ ಒಂದು ಬಟ್ಟೆ ಒಗೆಯುವ ಅಂಗಡಿಯ ಮೇಲಿತ್ತು. ಕೆಳಗೆ ಮಷೀನು ತಿರುಗಿದರೆ ಮೇಲೆ ಲೋಟ ಚಮಚ ಕುಣಿಯುತ್ತಿದ್ದವು. ಮದುವೆಯಾಗಿ ಆ ಊರಿಗೆ ಬಂದು ನೆಲೆಸಿದ ನಮ್ಮ ಕಡೆಯ ಹೆಂಗಸೊಬ್ಬಳು ದುಭಾಷಿಯಾಗಿ ಸಿಕ್ಕಿದ್ದಳು. ದಿನಾ ಬೆಳಿಗ್ಗೆ ಅವಳ ಜೊತೆ ಮಕ್ಕಳ ಆಶ್ರಮಕ್ಕೆ ಹೋಗುವುದು, ಹಸಿರು ಬಣ್ಣ ಬಳಿದ ಭೇಟಿ ಕೋಣೆಯಲ್ಲಿ ಕೂರುವುದು. ಹುಡುಗಿ ಬಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರುವಳು. ಮಾವ ಟಿಕೆಟ್ ಹರಿಯುವ ಹಾಗೆ ಮಾಡಿ ತೋರಿಸಿದರು, ಬಸ್ಸಿನ ಸೀಟಿ ಊದಿದರು. ಅವಳ ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಗಂಡ ತಂದಿದ್ದ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ. ಅದನ್ನು ಮಾತ್ರ ತೆಗೆದುಕೊಂಡು ತನ್ನ ಅಂಗೈಯನ್ನು ನೋಡಿಕೊಂಡಳು, ಮತ್ತೆ ಅಲ್ಲೇ ಇಟ್ಟಳು.

ಆಶ್ರಮದ ಮುಖ್ಯಸ್ಥ ದಪ್ಪ ದನಿಯ, ಅವಸರದ ಮನುಷ್ಯ. "ವಿಮಾನ ಹತ್ತಿದ ಮೇಲೆ ಎಲ್ಲ ಸರಿಹೋಗುತ್ತೆ" ಎಂದು ದಿನಾ ಹೇಳುತ್ತಿದ್ದ.

ನ್ಯಾಯಾಲಯದ ದಿನ ಬಂತು. ನ್ಯಾಯಾಧೀಶೆ ವಯಸ್ಸಾದ ಹೆಂಗಸು. ನೆಗಡಿಯಾಗಿ ಕರ್ಚೀಫು ಕೈಯಲ್ಲೇ ಹಿಡಿದಿದ್ದಳು. ಎಲ್ಲ ಓದಿ ಮುಗಿಸಿ ಹುಡುಗಿಯ ಕಡೆ ತಿರುಗಿ ಏನೋ ಕೇಳಿದಳು. ಹುಡುಗಿ ಒಂದೇ ಮಾತು ಹೇಳಿದಳು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟಳು.

"ಏನಂದಳು?" ಎಂದು ಟೀಚರ್ ಕೇಳಿದಳು.

ದುಭಾಷಿ ಮುಖ್ಯಸ್ಥನ ಮುಖ ನೋಡಿ, "ನಾಚಿಕೆ ಪಡ್ತಿದಾಳೆ, ಅಷ್ಟೇ" ಎಂದಳು.

ಮಾವ ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಸರ್ವಿಸ್ ಪೂರ್ತಿ ಜನ ಟಿಕೆಟ್ ಬೇಡ ಅನ್ನೋದನ್ನ ಕೇಳಿದೀನಿ. ಇದು ನಾಚಿಕೆ ಅಲ್ಲ."

"ಅವಳು ಹೇಳಿದ್ದನ್ನೇ ಹೇಳಿ" ಎಂದಳು ಟೀಚರ್.

"ಬೇಡ ಅಂದಳು" ಎಂದು ದುಭಾಷಿ ತಲೆ ತಗ್ಗಿಸಿದಳು.

ಮುಖ್ಯಸ್ಥ ಎದ್ದು ನಿಂತು ಬಡಬಡಿಸತೊಡಗಿದ. ಮಗುವಿಗೇನು ಗೊತ್ತಾಗುತ್ತೆ, ನೀವು ಸಹಿ ಹಾಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಇಲ್ಲದಿದ್ದರೆ ಐದು ವರ್ಷದವಳೊಬ್ಬಳಿದ್ದಾಳೆ, ಯಾವಾಗಲೂ ನಗುತ್ತಿರುತ್ತಾಳೆ, ನಾಳೆಯೇ ತೋರಿಸುತ್ತೇನೆ. ದುಭಾಷಿ ಅದನ್ನೆಲ್ಲ ಹೇಳಿ ಮುಗಿಸುವವರೆಗೆ ಟೀಚರ್ ಕಾದಳು.

"ಇದೇನು ಚಪ್ಪಲಿ ಅಂಗಡೀನಾ, ಒಂದು ಸೈಜ್ ಆಗಲಿಲ್ಲ ಅಂದರೆ ಇನ್ನೊಂದು ತೆಗೆದು ತೋರಿಸೋಕೆ? ಹೀಗೇ ಹೇಳಿ ಅವರಿಗೆ. ನಯ ಮಾಡಬೇಡಿ."

ದುಭಾಷಿ ನಯ ಮಾಡಲಿಲ್ಲವೆಂದು ಕಾಣುತ್ತದೆ, ಮುಖ್ಯಸ್ಥನ ಕಿವಿ ಕೆಂಪಾಯಿತು. ನ್ಯಾಯಾಧೀಶೆ ಕರ್ಚೀಫಿನ ಹಿಂದೆ ಕೆಮ್ಮಿದಳು. ಕೆಮ್ಮೋ ನಗುವೋ ತಿಳಿಯಲಿಲ್ಲ. ಮುಂದಿನ ವಾರಕ್ಕೆ ಬನ್ನಿ ಎಂದಳು.

ಕೋಣೆಗೆ ಬಂದ ಮೇಲೆ ಗಂಡ ಕೋಟಿನ ಗುಂಡಿ ಬಿಚ್ಚದೆ ಹಾಸಿಗೆಯ ತುದಿಯಲ್ಲಿ ಕೂತ. "ವಾಪಸ್ ಹೋಗೋಣ. ಬೇಡ ಅಂದವಳನ್ನ ಎಳ್ಕೊಂಡು ಹೋಗೋದು ಹೇಗೆ?"

"ಎಳ್ಕೊಂಡು ಹೋಗೋಣ ಅಂತ ಯಾರು ಹೇಳಿದ್ದು? ಯಾಕೆ ಬೇಡ ಅಂತ ಕೇಳೋಣ. ಅಷ್ಟು ಜನ ದೊಡ್ಡವರ ಎದುರು ನಿಂತು ಬೇಡ ಅಂದಳಲ್ಲ, ಅಷ್ಟು ಧೈರ್ಯ ಇರೋಳು ಏನೋ ಕಾರಣ ಇಟ್ಕೊಂಡೇ ಇರ್ತಾಳೆ." ಕಿಟಕಿ ಮುಚ್ಚುತ್ತಾ, "ನೀವು ಹೊರಡೋದಾದ್ರೆ ಹೊರಡಿ. ನಾನಿರ್ತೀನಿ" ಎಂದಳು.

ಅವನು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದ. ಅವನೂ ಉಳಿಯುತ್ತಾನೆ ಎಂದು ಅರ್ಥ.

ಮರುದಿನ ಮುಖ್ಯಸ್ಥ ಭೇಟಿಗೆ ಅವಕಾಶವಿಲ್ಲ ಎಂದ. ನ್ಯಾಯಾಲಯ ಮುಗಿಯುವವರೆಗೆ ಬೇಡವಂತೆ. "ಸರಿ" ಎಂದು ಟೀಚರ್ ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಳು. ಮಾವ ಪಕ್ಕದಲ್ಲಿ ಕೂತರು. ಗಂಡ ಎಲ್ಲಿಂದಲೋ ಬಿಸಿ ಸೂಪು ತಂದುಕೊಟ್ಟ. ಕಾವಲುಗಾರ ಬಂದು ಎಬ್ಬಿಸಲು ನೋಡಿದ. ಇದು ರಸ್ತೆಯೋ ಆಶ್ರಮವೋ ಕೇಳಿ ಎಂದು ಅವಳು ದುಭಾಷಿಗೆ ಹೇಳಿದಳು. ರಸ್ತೆಯೇ ಆಗಿತ್ತು. ಆಮೇಲಿನ ದಿನವೂ ಕೂತರು. ಶಾಲೆ ಬಿಟ್ಟು ಬರುವ ಮಕ್ಕಳು ಅವರನ್ನು ನೋಡುತ್ತಾ ಒಳಗೆ ಹೋಗುತ್ತಿದ್ದರು. ಮಾರನೆಯ ದಿನ ಹುಡುಗಿ ಸಾಲಿನಿಂದ ಹೊರಗೆ ಬಂದು, ಬೆಂಚಿನ ಎದುರು ಕೈಕಟ್ಟಿ ನಿಂತು ಏನೋ ಕೇಳಿದಳು.

"ಯಾಕೆ ಇಲ್ಲೇ ಕೂತಿದೀರ ಅಂತ ಕೇಳ್ತಿದಾಳೆ" ಎಂದಳು ದುಭಾಷಿ.

"ನೀನು ಯಾಕೆ ಬೇಡ ಅಂದೆ ಅಂತ ತಿಳ್ಕೊಳ್ಳೋಕೆ. ಹೇಳಿದರೆ ಹೊರಟುಹೋಗ್ತೀವಿ."

ಹುಡುಗಿ ಯೋಚಿಸಿದಳು. ಆಮೇಲೆ ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ದುಭಾಷಿಗೆ ಅವಳ ಮಾತಿನ ಹಿಂದೆ ಓಡುವುದೇ ಕಷ್ಟವಾಯಿತು. ನನ್ನ ಹೆಸರು ಯಾಕೆ ತೆಗೆದಿರಿ? ನೀವಿಟ್ಟ ಹೆಸರು ನಾಯಿಮರಿಗೆ ಇಡೋ ಹಾಗಿದೆ. ನನ್ನ ಫೋಟೋ ನೀವು ನೋಡಿದಿರಿ, ನಿಮ್ಮದು ನನಗೆ ಯಾರೂ ತೋರಿಸಲಿಲ್ಲ. ಹೋಗ್ತೀಯಾ ಅಂತ ಎಲ್ಲರೂ ಕೇಳ್ತಾರೆ. ಅಲ್ಲಿ ನನಗೆ ಹಿಡಿಸದಿದ್ದರೆ ವಾಪಸ್ ಯಾರು ಕರ್ಕೊಂಡು ಬರ್ತಾರೆ ಅಂದರೆ ಯಾರೂ ಬಾಯಿ ಬಿಡೋದಿಲ್ಲ.

ಟೀಚರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೆಸರಿನ ವಿಷಯದಲ್ಲಿ ಹೂಂ ಅಂದದ್ದು ತಾನೇ. ವಾರಗಿತ್ತಿಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ.

"ಹೆಸರು ತೆಗೆದದ್ದು ನಾನೇ. ಕೇಳಬೇಕಿತ್ತು, ಕೇಳಲಿಲ್ಲ. ನಿನ್ನ ಹೆಸರು ನಿನಗೇ ಇರಲಿ. ವಾಪಸ್ ಕರ್ಕೊಂಡು ಬರೋದು ನಾನು. ಮೂರನೇ ವರ್ಷ ಇಲ್ಲಿಗೆ ಕರ್ಕೊಂಡು ಬರ್ತೀನಿ. ನೀನೇ ಎಲ್ಲ ನೋಡಿ ಆಮೇಲೆ ಮಾತಾಡು."

ಹುಡುಗಿ ಮಾವನನ್ನು ತೋರಿಸಿ ಏನೋ ಕೇಳಿದಳು.

"ಅಜ್ಜ ಆ ಸೀಟಿ ಕೊಡ್ತಾರಾ ಅಂತ" ಎಂದಳು ದುಭಾಷಿ.

"ಸೀಟಿ ನಂದು" ಎಂದರು ಮಾವ. "ಬೇಕಾದ್ರೆ ಊದೋಕೆ ಕೊಡ್ತೀನಿ."

ಮುಂದಿನ ವಾರ ನ್ಯಾಯಾಲಯದಲ್ಲಿ ಗುಮಾಸ್ತ ಕಾಗದ ಮುಂದಿಟ್ಟ. ಟೀಚರ್ ಪೆನ್ನು ಮುಟ್ಟಲಿಲ್ಲ. ಹೆಸರು ಬದಲಾಯಿಸಬೇಕು, ಇವಳದ್ದೇ ಹಾಕಬೇಕು ಎಂದಳು. ಆಗಲೇ ಪ್ರಿಂಟ್ ಆಗಿದೆ, ಎಲ್ಲ ಕಡೆ ಮೊಹರು ಬಿದ್ದಿದೆ ಎಂದ ಗುಮಾಸ್ತ.

"ಹರಿದು ಹಾಕಿ, ಇನ್ನೊಂದು ಪ್ರಿಂಟ್ ಮಾಡಿ. ಮೂರನೇ ವರ್ಷ ಕರ್ಕೊಂಡು ಬರೋದನ್ನೂ ಬರೆಯಿರಿ. ನಾವು ಕಾಯ್ತೀವಿ. ಬೆಂಚಿನ ಮೇಲೆ ಕೂತು ನಮಗೆ ಅಭ್ಯಾಸ ಆಗಿದೆ."

ಹಾಗೆಲ್ಲ ಬರೆಯುವ ಪದ್ಧತಿ ಇಲ್ಲ ಎಂದ ಮುಖ್ಯಸ್ಥ. ನ್ಯಾಯಾಧೀಶೆ ಕೈಯೆತ್ತಿ ಅವನನ್ನು ಕೂರಿಸಿ, ಎರಡನ್ನೂ ಬರೆಯಲು ಗುಮಾಸ್ತನಿಗೆ ಹೇಳಿದಳು. ಹುಡುಗಿಯನ್ನು ಮತ್ತೆ ಕೇಳಿದಳು.

ಹುಡುಗಿ ಹೇಳಿದ್ದನ್ನು ದುಭಾಷಿ ಈ ಸಲ ಯಾರ ಮುಖವನ್ನೂ ನೋಡದೆ ತಿಳಿಸಿದಳು. "ಹೋಗಿ ನೋಡ್ತೀನಿ ಅಂತಿದಾಳೆ."

ಹೂಂ ಅಥವಾ ಉಹೂಂ, ಎರಡರಲ್ಲಿ ಒಂದು ಬೇಕು ಎಂದಳು ನ್ಯಾಯಾಧೀಶೆ. ಹುಡುಗಿ ಟೀಚರ್ ಕಡೆ ನೋಡಿದಳು. ಟೀಚರ್ ಮುಖದಲ್ಲಿ ಏನೂ ತೋರಿಸದೆ ಕೂತಿದ್ದಳು. ಪಕ್ಕದಿಂದ ಬ್ರೇಕ್ ಒತ್ತಿ ಒತ್ತಿ ಅಭ್ಯಾಸವಾದ ಅವಳ ಕಾಲಿಗೆ ಮಾತ್ರ ಸುಮ್ಮನಿರುವುದು ಕಷ್ಟವಾಗುತ್ತಿತ್ತು.

"ಹೂಂ. ಆದರೆ ನೋಡ್ತೀನಿ" ಎಂದಳು ಹುಡುಗಿ.

"ನಮ್ಮದೂ ಅದೇ ಮಾತು" ಎಂದ ಗಂಡ. ಆ ದೇಶದಲ್ಲಿ ಅವನು ಎಲ್ಲರೆದುರು ಬಾಯಿ ಬಿಟ್ಟದ್ದು ಅದೊಂದೇ ಸಲ.

ಮನೆಗೆ ಬಂದ ಮೊದಲ ವರ್ಷ ಸುಖವಾಗಿತ್ತು ಅಂದರೆ ಸುಳ್ಳಾಗುತ್ತದೆ. ಹುಡುಗಿ ಬಾಗಿಲು ಹಾಕಿಕೊಂಡಳು, ತಟ್ಟೆ ಒಡೆದಳು. ಭಾಷೆ ಅರ್ಧ ಬಂದೊಡನೆ ಅದರಲ್ಲೇ ಬೈಯಲು ಕಲಿತಳು. ನೀನು ನನ್ನ ತಾಯಿ ಅಲ್ಲ ಎಂದು ಕಿರುಚಿದ ದಿನ ಟೀಚರ್, "ಅಲ್ಲ, ಗೊತ್ತು. ಊಟಕ್ಕೆ ಬಾ, ಆರಿಹೋಗುತ್ತೆ" ಎಂದಳು. ಹುಡುಗಿ ಸಿಟ್ಟಿನಲ್ಲೇ ಬಂದು ಎರಡು ಸಲ ಬಡಿಸಿಕೊಂಡಳು. ಶಾಲೆಯಲ್ಲಿ ಹೆಡ್‌ಮಾಸ್ತರರು, ಹೆಸರು ಕಷ್ಟ, ಸುಲಭವಾದದ್ದೊಂದು ಇಟ್ಟುಕೊಂಡರೆ ಚೆಂದ ಎಂದರು. "ನನ್ನ ಮಾವನಿಗೆ ಎಪ್ಪತ್ತೈದು, ಮುಂದಿನ ಹಲ್ಲಿಲ್ಲ. ಅವರೇ ಕಲಿತಿದಾರೆ. ನೀವು ಕಲೀರಿ" ಎಂದು ಟೀಚರ್ ಎದ್ದು ಬಂದಳು. ಗಂಡ ಅಂಗಡಿಯಿಂದ ಒಡೆದ ಗಾಜಿನ ಬಿಲ್ಲೆಗಳನ್ನು ತರುತ್ತಿದ್ದ. ಹುಡುಗಿ ಅವನ ಪಕ್ಕ ಕೂತು ಅವುಗಳಲ್ಲಿ ಬಿಸಿಲು ಹಾಯಿಸಿ ಗೋಡೆಯ ಮೇಲೆ ಬಣ್ಣ ಬೀಳಿಸುವಳು. ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಮೂರನೇ ವರ್ಷ ಟೀಚರ್ ಹೇಳಿದ ಹಾಗೆ ಎಲ್ಲರನ್ನೂ ಹೊರಡಿಸಿದಳು. ಹುಚ್ಚೇನೇ ನಿಂಗೆ, ಅವಳು ಅಲ್ಲೇ ಉಳ್ಕೊಂಡರೆ ಏನು ಮಾಡ್ತೀಯ ಎಂದಳು ವಾರಗಿತ್ತಿ. "ಉಳ್ಕೊಂಡರೆ ಅಳ್ತೀನಿ. ಅದಕ್ಕೇಂತ ಮಾತು ತಪ್ಪಲಾ?" ಎಂದಳು. ಅಂದದ್ದು ಗಟ್ಟಿಯಾಗೇ, ಆದರೆ ಪೆಟ್ಟಿಗೆ ಕಟ್ಟುವಾಗ ಹುಡುಗಿಯ ಬಟ್ಟೆಗಳನ್ನು ಎರಡು ಮೂರು ಸಲ ತೆಗೆದು ಮತ್ತೆ ಮಡಚಿದಳು.

ಆಶ್ರಮದಲ್ಲಿ ಮುಖ್ಯಸ್ಥ ಬದಲಾಗಿದ್ದ. ಹುಡುಗಿ ಒಬ್ಬಳೇ ಒಳಗೆ ಹೋದಳು. ಮಧ್ಯಾಹ್ನವೆಲ್ಲ ಮೂವರೂ ಹೊರಗೆ ಕಾದರು. ಮಾವ ಸೀಟಿಯನ್ನು ಜೇಬಿನಿಂದ ತೆಗೆಯುವುದು, ಮತ್ತೆ ಒಳಗೆ ಹಾಕುವುದು ಮಾಡುತ್ತಿದ್ದರು. ಅವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಮೊಣಕಾಲಿಗೆ ಮಣ್ಣು ಮೆತ್ತಿತ್ತು. "ನನ್ನ ಮಂಚ ಬೇರೆ ಹುಡುಗಿಗೆ ಕೊಟ್ಟಿದಾರೆ. ಅವಳಿಗೆ ರಾತ್ರಿ ಭಯ ಆಗುತ್ತಂತೆ. ಗೋಡೆ ಕಡೆ ಮುಖ ಮಾಡಿ ಮಲ್ಕೋ ಅಂತ ಹೇಳಿಕೊಟ್ಟೆ" ಎಂದಳು. ಆಮೇಲೆ, "ಹಸಿವಾಗ್ತಿದೆ, ನಡೀರಿ" ಎಂದು ಮುಂದೆ ಹೊರಟಳು.

ವಾಪಸ್ ಬರುವಾಗ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಯಾರದ್ದೆಂದು ಅವಳಿಗೂ ಮಾವನಿಗೂ ಜೋರು ಜಗಳವಾಯಿತು. ವಯಸ್ಸಿಗೆ ಮರ್ಯಾದೆ ಬೇಡವಾ ಎಂದು ಮಾವ, ನೀವು ಬರೀ ನಿದ್ದೆ ಮಾಡ್ತೀರಿ ಎಂದು ಅವಳು. ಹಿಂದಿನ ಜನ ಪೆಟ್ಟಿಗೆ ಹಿಡಿದು ಕಾಯುತ್ತಿದ್ದರು. ಟೀಚರ್ ಇಬ್ಬರನ್ನೂ ಪಕ್ಕಕ್ಕೆ ಸರಿಸಿ, ತಾನೇ ಹೋಗಿ ಕಿಟಕಿಗೆ ಕೂತು, ಬೆಲ್ಟು ಬಿಗಿದುಕೊಂಡಳು.