ಒಣಮೀನಿನ ಡಬ್ಬದ ಕಳ್ಳ
ಚೋಮಾ ಪಟ್ಟಣದ ಟೀಚರ್ ಮುಟಿಂಟಾ ಸಂಬಳ ಬಂದ ದಿನವೇ ಹಾಲುಪುಡಿ ಡಬ್ಬಗಳನ್ನು ಸಾಲಾಗಿ ನಿಲ್ಲಿಸಿ ತಿಂಗಳ ಖರ್ಚಿನ ಕ್ವಾಚಾ ನೋಟುಗಳನ್ನು ಹಂಚುತ್ತಾಳೆ: ಮೆಕ್ಕೆಜೋಳದ ಹಿಟ್ಟಿಗೊಂದು, ಇದ್ದಿಲಿಗೊಂದು, ಒಣಮೀನಿಗೊಂದು, ನೆಂಟರ ಸಾವಿಗೊಂದು. "ಸಾಯೋರೇನು ನಮ್ಮ ಸಂಬಳದ ದಿನ ನೋಡ್ಕೊಂಡು ಸಾಯ್ತಾರಾ?" ಎಂಬುದು ಅವಳ ವಾದ. ಗಂಡ ಹಮೂಂಗಾ ಬಿಯರಿಗೆಂದು ಕದಿಯುವುದು ಒಣಮೀನಿನ ಡಬ್ಬದಿಂದ. ಅವನು ಎಷ್ಟು ಕದಿಯುತ್ತಾನೋ ಅಷ್ಟನ್ನು ಅವಳು ಮೊದಲೇ ಅದರಲ್ಲಿ ಹೆಚ್ಚಿಗೆ ಇಟ್ಟಿರುತ್ತಾಳೆ. ತನ್ನಂಥ ಚಾಲಾಕಿ ಕಳ್ಳ ಊರಲ್ಲೇ ಇಲ್ಲವೆಂದು ಹಮೂಂಗಾ ಮದುವೆಯಾದಾಗಿನಿಂದ ನಂಬಿದ್ದಾನೆ. ಈ ತಿಂಗಳು ಅವನು ಜ್ವರ ಹಿಡಿದು ಮಲಗಿದ್ದಾನೆ, ಮೀನಿನ ದುಡ್ಡು ಇಟ್ಟಲ್ಲೇ ಇದೆ. ಮುಟಿಂಟಾ ಆ ಡಬ್ಬವನ್ನು ತಂದು ಅವನ ಕೈಗೆಟುಕುವಂತೆ ಇಟ್ಟು, ಮುಚ್ಚಳ ಸಡಿಲಿಸಿ, "ಚಿಪೋನ ಅಪ್ಪಾ, ನೀರಿಗೆ ಹೋಗ್ತಿದೀನಿ, ಬರೋದು ತಡ ಆಗುತ್ತೆ" ಎಂದು ಹೊರಬಂದವಳು ಬಾಗಿಲ ಮರೆಯಲ್ಲೇ ನಿಂತು, ಮುಚ್ಚಳದ ಸದ್ದಿಗೆ ಕಿವಿಗೊಟ್ಟಿದ್ದಾಳೆ.