ಕಾಕಾನ ಕಪಾಟಿಗೆ ಕೂತ ಸ್ಟೋವ್

ಕಾಕಾನ ಮೇಲಿನ ಸಿಟ್ಟು ಈ ವಯಸ್ಸಿನಲ್ಲೂ ಆರಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ನಾನು ಮಾಡಿಕೊಳ್ಳುವ ತಪ್ಪೊಪ್ಪಿಗೆಯೂ ಸುಳ್ಳಾದೀತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ನಿನ ಗಡಿಬಿಡಿಯಲ್ಲಿ ಅವ್ವ ಸಾಯಗಾಂವದ ಮನೆಗೆ ಕೀಲಿ ಹಾಕಿ, ನನ್ನನ್ನು ಕರೆದುಕೊಂಡು ಸಂತಪುರದ ತವರಿಗೆ ಹೋದಳು. ಅಪ್ಪ ಆಗಲೇ ತೀರಿಕೊಂಡಿದ್ದ. ತಿರುಗಿ ಬಂದಾಗ ಕೀಲಿಯ ಜೊತೆಗೆ ತೇಗದ ಬಾಗಿಲೂ ಮಾಯವಾಗಿತ್ತು. ಭಾಲ್ಕಿಯಿಂದ ಬಂದ ಕಾಕಾ, ಅಪ್ಪನ ತಮ್ಮ, ಖಾಲಿ ಚೌಕಟ್ಟಿನಲ್ಲಿ ನಿಂತು, "ಲೂಟಿ ಮಾಡವ್ರು ಒಯ್ದಾರ್ರಿ ವೈನಿ. ಜೀವ ಉಳೀತಲ್ಲ, ಸಾಕು" ಎಂದ. ಅವ್ವ ಗೋಣಿತಟ್ಟು ಕಟ್ಟಿ ಚಳಿಗಾಲ ಕಳೆದಳು. ಎದೆಯಲ್ಲಿ ಸೇರಿದ ಥಂಡಿ ಮಾತ್ರ ಅವಳನ್ನು ಬಿಡಲಿಲ್ಲ. ಮಳೆಗಾಲಕ್ಕೆ ಮೊದಲೇ ತೀರಿಹೋದಳು.

ಮ್ಯಾಟ್ರಿಕ್ ಮುಗಿಸಿ ನಾನು ಬೀದರಿನ ಸ್ಟೋವ್ ಅಂಗಡಿಗೆ ಸೇರಿದೆ. ಒಂದು ದಿನ ಕಾಕಾ ಬಂದ.

"ನಿನ್ನ ಕಾಕುಗ ಗ್ವಾಡ್ಯಾಗ ಕಪಾಟ ಕೂಡಿಸೇನಿ. ಸ್ಟೋವ್ ಅದರಾಗೇ ಕೂಡಬೇಕು."

"ಒಲಿ ಬಾಜೂಕ ಇಡಬಾರದೇನ್ರಿ?"

"ಜಂಗಮರಿಗೆ ಎಡಿ ಮಾಡೋ ಒಲಿ ಅದು! ಅಲ್ಲಿ ಸೀಮೆಎಣ್ಣಿ ವಾಸನಿ ಬಿಡ್ತಾಳೇನು ನಿನ್ನ ಕಾಕು?"

ಅಳತೆ ತೆಗೆಯಲು ಭಾಲ್ಕಿಗೆ ಹೋದೆ. ಎತ್ತರಕ್ಕೊಂದು, ಅಗಲಕ್ಕೊಂದು ಗಂಟು ಹಾಕಲು ಹುರಿಯನ್ನು ಕಪಾಟಿನೊಳಗೆ ಹಿಡಿದೆ. ಮೇಲಿನ ಹಲಗೆಯ ಮೂಲೆಯಲ್ಲಿ ತಗಡಿನ ತೇಪೆ ಕಂಡಿತು. ನಮ್ಮ ಬಾಗಿಲಿಗೆ ಇಲಿ ಕಡಿದ ಜಾಗದಲ್ಲಿ, ಎಣ್ಣೆಡಬ್ಬಿ ಕತ್ತರಿಸಿ ಅಪ್ಪ ಹೊಡೆದ ತೇಪೆ. ಅದರ ಸೊಟ್ಟ ಮೊಳೆಗಳನ್ನೂ ಯಾರೂ ಕಿತ್ತಿರಲಿಲ್ಲ.

"ಚಂದ ಆಗೇದ ಹೌದಿಲ್ಲೋ ತಮ್ಮಾ? ನಿಮ್ಮ ಕಾಕಾ ಹರಾಜಿನ್ಯಾಗ ತಂದಾರ ಕಟಗಿ" ಎಂದು ಕಾಕು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಆಕೆಗೆ ಏನೂ ಗೊತ್ತಿರಲಿಲ್ಲ. ನಾನು ರೊಟ್ಟಿ ತಿಂದೆ. ಕಾಕಾನಿಗೆ ಏನು ಮಾಡಬೇಕೆಂಬುದು ತಿನ್ನುವಾಗಲೇ ಹೊಳೆಯಿತು.

ಕಟ್ಟಿಗೆಯ ಗೂಡಿನಲ್ಲಿ ಸ್ಟೋವ್ ಉರಿಸಬೇಡಿರಿ, ಇಟ್ಟರೂ ಉರಿಸುವಾಗ ಹೊರಗೆ ತೆಗೆಯಿರಿ ಎಂದು ಪ್ರತಿ ಗಿರಾಕಿಗೂ ಹೇಳುವವನು ನಾನು. ಕಾಕಾನಿಗೆ ಹೇಳಲಿಲ್ಲ. ಸಣ್ಣ ಸ್ಟೋವ್‌ಗಳನ್ನು ಬದಿಗಿಟ್ಟು, ಪಾತ್ರೆ ಏರಿಸಿದರೆ ಮೇಲಿನ ಹಲಗೆಗೆ ನಾಲ್ಕು ಬೆರಳೂ ಉಳಿಯದಂಥ ದೊಡ್ಡದನ್ನು ಆರಿಸಿದೆ. ನಾನೇ ಒಯ್ದು ಕೂಡಿಸಿದೆ.

"ಭಲೇ! ಅಳತಿ ಅಂದ್ರ ಇದು ನೋಡು" ಎಂದು ಕಾಕಾ ಬೆನ್ನು ಚಪ್ಪರಿಸಿದ. ನಮಗೆ ದಕ್ಕದ ಬಾಗಿಲು ನಿನಗೂ ದಕ್ಕದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಸ್ಸಿನಲ್ಲಿ ಬೀದರಿಗೆ ಮರಳುವಾಗ ಸುಖವಾಗಿತ್ತು.

ವಾರ ತುಂಬುವ ಮೊದಲೇ ಹಲಗೆ ಹೊತ್ತಿತು. ಸ್ಟೋವ್ ಹೊರಗೆಳೆಯಲು ಹೋಗಿ ಕಾಕು ಬಲಗೈ ಸುಟ್ಟುಕೊಂಡಳು. ಕಾಕಾ ಪಡಸಾಲೆಯಲ್ಲಿ ಚಹಾಕ್ಕೆ ಕಾಯುತ್ತ ಕುಳಿತಿದ್ದನಂತೆ. ಜನ್ಮದಲ್ಲಿ ಒಲೆಯ ಹತ್ತಿರ ಸುಳಿಯದವನನ್ನು ಅಡುಗೆಮನೆಯ ಬೆಂಕಿಯಿಂದ ಸುಡಲು ಹೊರಟಿದ್ದೆ ನಾನು.

ನೋಡಲು ಹೋದೆ. ಕಪಾಟು ಕರಿಯಾಗಿತ್ತು, ತಗಡಿನ ತೇಪೆ ಮಾತ್ರ ಹಾಗೇ ಇತ್ತು. "ಹೋಗ್ಲಿ ಬಿಡು, ಬ್ಯಾರೆ ಮಾಡಿಸಿದ್ರ ಆತು" ಎಂದ ಕಾಕಾ. ಕಾಕುವಿನ ಕೈಗೆ ಬಟ್ಟೆ ಸುತ್ತಿತ್ತು.

"ನಾನಽ ಪಂಪ ಜಾಸ್ತಿ ಹೊಡದೆ ಕಾಣಸ್ತದ" ಎಂದಳು. ಆಮೇಲೆ ಮೆಲ್ಲಗೆ, "ಮ್ಯಾಲ ಇನ್ನಷ್ಟು ಜಾಗಾ ಬೇಕಿತ್ತೇನೋ ತಮ್ಮಾ?" ಎಂದು ಕೇಳಿದಳು.

"ಇಲ್ಲ ಕಾಕು. ಅಳತಿ ಬರೋಬ್ಬರಿ ಇತ್ತು."

ಆಕೆ ನಂಬಿದಳು. ಓಣಿಯವರು ಬಡಿದುಕೊಟ್ಟ ರೊಟ್ಟಿಯ ಬುಟ್ಟಿಯನ್ನು ಎಡಗೈಯಿಂದ ನನ್ನತ್ತ ಸರಿಸಿದಳು.